ಕಬ್ಬಿಣದ ನರಿಯೂ ನನ್ನ ಎಡಗಾಲೂ

ಅಂಜಿದ ಮನುಷ್ಯ 'ನನಗೆ ಅಂಜಿಕೆಯಾಗಿದೆ' ಎಂದು ಎಂದೂ ಹೇಳುವುದಿಲ್ಲ, ಪಂಚಾಂಗ ಕೇಳುತ್ತಾನೆ. ಇದನ್ನು ನಾನು ತೊಟ್ಟಿಲು ಮಾರುತ್ತ ಕಲಿತೆ. ಕಲಘಟಗಿಯ ಬಣ್ಣದ ತೊಟ್ಟಿಲು ನಿಮಗೆ ಗೊತ್ತೇ ಇದೆ. ಅರಗಿನ ಬಣ್ಣ, ಸುತ್ತಲೂ ದೇವರ ಚಿತ್ರ, ಅಜ್ಜ ಮಲಗಿದ್ದರಲ್ಲಿ ಮೊಮ್ಮಗ ಮಲಗಿದರೂ ಮಾಸದ ಹೊಳಪು. ಅದನ್ನು ಕೊಳ್ಳಲು ಬರುವ ಗಂಡಸು ಹೆಂಡತಿಗೆ ದಿನ ತುಂಬುವ ಮೊದಲೇ ಬರುತ್ತಾನೆ. ಬಡಿದು ನೋಡುತ್ತಾನೆ, ತೂಗಿ ನೋಡುತ್ತಾನೆ, ಗಟ್ಟಿ ಚೌಕಾಶಿ ಮಾಡಿ ದರ ಕುದುರಿಸುತ್ತಾನೆ. ಆದರೆ ತೊಟ್ಟಿಲನ್ನು ಮಾತ್ರ ಒಯ್ಯುವುದಿಲ್ಲ. ಕೂಸು ಹುಟ್ಟುವ ಮೊದಲು ತೊಟ್ಟಿಲು ಹೊಸ್ತಿಲು ದಾಟಬಾರದೆಂಬುದು ನಮ್ಮಲ್ಲಿಯ ಪದ್ಧತಿ. "ಇಲ್ಲೇ ಇರಲ್ರಿ, ಸದ್ಯಕ್ಕ ದಿನಾ ಛೊಲೋ ಇಲ್ಲ" ಎಂದು ಹೇಳಿ, ಹೊಳ್ಳಿ ಹೊಳ್ಳಿ ನೋಡುತ್ತ ಹೋಗುತ್ತಾನೆ. ಹೀಗೆ ಗಿರಾಕಿ ಸಿಕ್ಕರೂ ಮನೆ ಸಿಗದ ತೊಟ್ಟಿಲುಗಳು ನನ್ನ ಅಂಗಡಿಯ ಜಂತಿಗೆ ಖಾಲಿಯಾಗಿ ತೂಗಾಡುತ್ತಿರುತ್ತವೆ. ನನ್ನದು ಕಟ್ಟಿಗೆಯ ವ್ಯಾಪಾರವೆಂದು ಜನ ತಿಳಿದಿದ್ದಾರೆ. ನನ್ನನ್ನು ಕೇಳಿದರೆ, ಪರರ ಅಂಜಿಕೆಯನ್ನು ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವ ಗೋದಾಮು ಅದು.

ಇಂಥ ನಾನು ನನ್ನದೇ ಅಂಜಿಕೆ ಬಾಗಿಲಿಗೆ ಬಂದು ನಿಂತಾಗ ಅದರ ಗುರುತು ಹಿಡಿಯಲಿಲ್ಲ. ಗುರುತು ಹಿಡಿದುಕೊಟ್ಟದ್ದು ಜಪಾನ್ ದೇಶದ ಒಂದು ನರಿ. ಅದೂ ಅರ್ಧ ಮಾಂಸದ್ದು, ಅರ್ಧ ಕಬ್ಬಿಣದ್ದು.

ನನ್ನ ಬಗ್ಗೆ ಎರಡೇ ಮಾತು ಹೇಳುತ್ತೇನೆ. ಹೆಚ್ಚು ಹೇಳಿದರೆ ನೀವು ದರ ಇಳಿಸುತ್ತೀರಿ. ಯರಗುಪ್ಪಿಯ ಎರೆಮಣ್ಣಿನಿಂದ ಎದ್ದು ಬಂದು, ಮೊದಲು ಪರರ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಬಸ್ಸಿಗೆ ಏರಿಸುತ್ತಿದ್ದೆ. ಆಮೇಲೆ ನನ್ನವೇ ತೊಟ್ಟಿಲುಗಳನ್ನು ಬಸ್ಸಿನ ಟಪ್ಪಿನ ಮೇಲೆ ಕಟ್ಟಿಕೊಂಡು ಹುಬ್ಬಳ್ಳಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ಎಂದು ತಿರುಗಿದೆ. ಕಾಲೇ ನನ್ನ ಬಂಡವಾಳ. ಇನ್ನೊಂದು ಬಂಡವಾಳ ಬಾಯಿ. ತೊಟ್ಟಿಲ ಜೊತೆಗೆ ಒಂದಷ್ಟು ಸಲಹೆಯನ್ನೂ ಕಟ್ಟಿ ಕೊಡುವುದು ನನ್ನ ರೂಢಿ. ತೊಟ್ಟಿಲಿಗೆ ಚೌಕಾಶಿಯುಂಟು, ಸಲಹೆಗೆ ಇಲ್ಲ, ಬೇಡವೆಂದರೂ ಕೊಡುತ್ತೇನೆ. ಹಲ್ಲು ಹಿಡಿದುಕೊಂಡು ಬಂದವನಿಗೆ "ಕೀಳಿಸಿ ಒಗಿ" ಎಂದಿದ್ದೇನೆ. ಹೊಟ್ಟೆ ಹಿಡಿದುಕೊಂಡು ಬಂದವನಿಗೆ "ಆಪರೇಷನ್ ಮಾಡಿಸ್ಕೊ, ಅದರಾಗೇನೈತಿ, ಮಲಗೂದು, ಏಳೂದು" ಎಂದಿದ್ದೇನೆ. ಮಲಗುವುದು ಏಳುವುದು! ಎಷ್ಟು ಸಲೀಸಾಗಿ ಹೇಳಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ, ಬಸ್ಸಿನ ಹಿಂದಿನ ಕಬ್ಬಿಣದ ಏಣಿಯಿಂದ ಇಳಿಯುವಾಗ ಕಾಲು ಜಾರಿತು. ತೊಟ್ಟಿಲಿಗೆ ಒಂದು ಗೀರೂ ಬೀಳಲಿಲ್ಲ; ನನ್ನ ಎಡಗಾಲಿನ ಕಣಕಾಲೆಲುಬು ಎರಡಾಯಿತು. ಕಾಡಂಚಿನ ಹಳ್ಳಿಯೊಂದರಲ್ಲಿ ಎಲುಬು ಕಟ್ಟುವ ಅಜ್ಜನೊಬ್ಬನಿದ್ದ. ಗಿಡದ ತಪ್ಪಲು ಅರೆದು, ತತ್ತಿಯ ಬಿಳಿ ಕಲಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಅವನ ಕೈಯಲ್ಲಿ ಎಷ್ಟೋ ಜನರ ಕಾಲು ನೆಟ್ಟಗಾಗಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಅವನನ್ನು ಬಯ್ಯಲಾರೆ. ನನ್ನ ಎಲುಬೇ ಹಟಮಾರಿ. ಕಟ್ಟು ಬಿಚ್ಚಿದಾಗ ನೋವೇನೋ ಇಳಿದಿತ್ತು. ಆದರೆ ಮೊಣಕಾಲಿಗೂ ಪಾದಕ್ಕೂ ನಡುವೆ, ದೇವರು ಇಡದ ಜಾಗದಲ್ಲಿ, ಹೊಸದೊಂದು ಕೀಲು ಹುಟ್ಟಿತ್ತು. ಕಾಲೂರಿದರೆ ಅಲ್ಲಿ ಸಣ್ಣಗೆ ಬಾಗುತ್ತಿತ್ತು. ನನ್ನದೇ ಕಾಲು, ನನ್ನ ಕಣ್ಣೆದುರಿಗೇ, ನನ್ನನ್ನು ಕೇಳದೆ ಬಾಗುವುದನ್ನು ನೋಡಿದ ಆ ಕ್ಷಣದ ತಣ್ಣನೆಯ ಬೆವರನ್ನು ಬಣ್ಣಿಸಲು ನನಗೆ ಬರುವುದಿಲ್ಲ.

ಹುಬ್ಬಳ್ಳಿಗೆ ಹೋದೆವು. ಎಲುಬಿನ ಡಾಕ್ಟರರು ಸಣ್ಣ ವಯಸ್ಸಿನವರು. ಫೋಟೊ ತೆಗೆಸಿ, ಬೆಳಕಿಗೆ ಹಿಡಿದು ನೋಡಿ ಹೇಳಿದರು.

"ಕೂಡಿಲ್ಲರಿ. ಒಳಗ ಸ್ಟೀಲಿನ ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು."

"ಸ್ಕ್ರೂ ಅಂದ್ರ... ಸ್ಕ್ರೂನಾ?"

"ಸ್ಕ್ರೂನೇ."

"ಹಂಗಾರ ಸ್ವಲ್ಪ ಕಮ್ಮಿ ಹಾಕ್ರಿ ಸಾಹೇಬ್ರ. ಅರ್ಧ ಈಗ ಹಾಕ್ರಿ, ಉಳಿದಿದ್ದು ಮುಂದ ನೋಡೂಣು."

ಡಾಕ್ಟರರು ನಕ್ಕರು, ನನ್ನ ಹೆಂಡತಿ ಶಾಂತವ್ವ ತಲೆ ಬಗ್ಗಿಸಿದಳು. ಆಮೇಲೆ ಅವರು ನಗುವುದನ್ನು ನಿಲ್ಲಿಸಿ, "ತಡಾ ಮಾಡಬ್ಯಾಡ್ರಿ. ಎಲುಬಿನ ತುದಿ ಸತ್ತು ಹೋದ್ರ ನನ್ನ ಕೈಲೆ ಏನೂ ಆಗೂದಿಲ್ಲ. ಆಮ್ಯಾಲೆ ಜೀವನಪೂರ್ತಿ ಕಂಕಳಾಗ ಕೋಲು" ಎಂದರು. ಸುಗ್ಗಿಯೊಳಗೆ ಬಂದುಬಿಡಿ ಎಂದು ಗಡುವನ್ನೂ ಕೊಟ್ಟರು.

ಊರಿಗೆ ಬಂದ ಮೇಲೆ ನಾನು ಅಗದಿ ವ್ಯವಹಾರಸ್ಥನ ಹಾಗೆ ವಿಚಾರ ಮಾಡತೊಡಗಿದೆ. ಮೊದಲು ಅಮಾವಾಸ್ಯೆ ಮುಗಿಯಲಿ ಎಂದೆ. ಅದು ಮುಗಿಯಿತು. ಮಂಗಳವಾರ ಬೇಡ ಎಂದೆ. ಆಮೇಲೆ ಲಗ್ನಸರಾಯಿ, ಲಗ್ನವಾದಲ್ಲಿ ಬಾಣಂತನವೂ ಬರುತ್ತದೆ, ವ್ಯಾಪಾರ ಬಿಟ್ಟು ಮಲಗಿದರೆ ಹೇಗೆ ಎಂದೆ. ಶಾಂತವ್ವ ಅಕ್ಕಿ ಆರಿಸುತ್ತ, ಮುಖ ಎತ್ತದೆ ಹೇಳಿದಳು: "ಈ ತಿಂಗಳ ಲಗ್ನಾದವರಿಗೆ ಈ ತಿಂಗಳಾನ ತೊಟ್ಟಿಲ ಬೇಕಾಗತಾವೇನ? ಅಂಜಿಕಿ ಬಂದೈತಿ ಅಂತ ಹೇಳ್ರಿ, ಸುಳ್ಳ ಯಾಕ ಲೆಕ್ಕಾ ಹಾಕ್ತೀರಿ."

"ನನಗ ಅಂಜಿಕೀನ?" ಎಂದು ನಾನು ನಕ್ಕೆ. ಆ ನಗೆ ಖಾಲಿ ತೊಟ್ಟಿಲು ತೂಗಿದಂತೆ ಕೇಳಿತು.

ಇನ್ನು ನರಿ ಬಂದ ಬಗೆ. ಬಣ್ಣ ಆರಿದ ತೊಟ್ಟಿಲನ್ನು ಬಸ್ಸಿನ ಮೇಲೆ ಸಾಗಿಸುವಾಗ ಗೀರು ಬೀಳದಂತೆ ಕಾಲುಕಾಲಿಗೂ ಕಾಗದ ಸುತ್ತಿ ಹುರಿ ಕಟ್ಟುತ್ತೇವೆ. ಅದಕ್ಕಾಗಿ ಹುಬ್ಬಳ್ಳಿಯಿಂದ ರದ್ದಿಯನ್ನು ಗಂಟುಗಟ್ಟಲೆ ತರಿಸುತ್ತೇನೆ. ಆಗ ರದ್ದಿಯಲ್ಲಿ ಪರದೇಶದ ಕಾಗದವೂ ಬರುತ್ತಿತ್ತು: ಬಿಳಿ ಜನರ ಫೋಟೊ, ತಿಳಿಯದ ಪತ್ರಿಕೆ, ಮೋಟಾರಿನ ಜಾಹೀರಾತು. ಕಾಲು ಚಾಚಿ ಹೊರಸಿನ ಮೇಲೆ ಕುಳಿತ ನನಗೆ ಕೊಟ್ಟ ಕೆಲಸ ರದ್ದಿ ವಿಂಗಡಿಸುವುದು. ಎದುರಿಗೆ ನನ್ನ ಮಗಳು ಗಿರಿಜಾ, ನಾಲ್ಕನೆಯ ಇಯತ್ತೆ. ಅವಳ ಕೈಗೆ ಒಂದು ದಪ್ಪ ಪುಸ್ತಕ ಹತ್ತಿತು. ರದ್ದಿಯವನು ಎರಡೂ ಕಡೆಯ ರಟ್ಟನ್ನು ಕಿತ್ತುಕೊಂಡಿದ್ದ. ಅಂಚು ಮೂಲೆಗಳನ್ನೆಲ್ಲ ಇಲಿ ಕಡಿದಿತ್ತು. ಒಳಗೆ ಬರೀ ಚಿತ್ರ. ಅಕ್ಷರಗಳು ಮಾಳಿಗೆಯಿಂದ ಬಿಟ್ಟ ಹಗ್ಗದ ಹಾಗೆ ಮೇಲಿಂದ ಕೆಳಗೆ ಇಳಿದಿದ್ದವು.

ಗಿರಿಜಾ ಒಳಗೆ ಓಡಿಹೋಗಿ ನಮ್ಮ ಟ್ರಾನ್ಸಿಸ್ಟರಿನ ಡಬ್ಬಿ ತಂದಳು. ರೇಡಿಯೋ ಕೆಟ್ಟರೂ ಡಬ್ಬಿಯನ್ನು ಶಾಂತವ್ವ ಸೂಜಿ ದಾರ ಇಡಲು ಇಟ್ಟುಕೊಂಡಿದ್ದಳು. "ಅಪ್ಪಾ, ಎರಡೂ ಒಂದ ಅಕ್ಷರಾ ನೋಡು. ಜಪಾನ್!"

ಜಪಾನ್ ಎಂದ ಕೂಡಲೇ ನಾನು ಸರಿಯಾಗಿ ಕುಳಿತೆ. ನನ್ನಂಥ ವ್ಯಾಪಾರಿಗೆ ಜಪಾನ್ ಎಂದರೆ ದೇಶವಲ್ಲ, ಮಾಲಿನ ಗುಣ. ಗಡಿಯಾರ, ರೇಡಿಯೋ, ನೈಲಾನ್ ಸೀರೆ, ಯಾವುದನ್ನೇ ಹಿಡಿಯಿರಿ, ಮಾರುವವನು 'ಜಪಾನ್ ಮಾಲು' ಎಂದರೆ ಚೌಕಾಶಿ ಅಲ್ಲಿಗೆ ಅರ್ಧ ಮುಗಿಯುತ್ತಿತ್ತು. ಅಂಥವರು ಅಚ್ಚು ಹಾಕಿದ ಪುಸ್ತಕದಲ್ಲಿ ಸುಳ್ಳಿರಲಾರದು ಎಂದು ನನ್ನ ಬುದ್ಧಿ ಒಳಗಿಂದೊಳಗೇ ಲೆಕ್ಕ ಹಾಕಿಬಿಟ್ಟಿತು. ನೋಡಿ, ಮನುಷ್ಯ ಕೆಡುವುದು ಹೀಗೆ: ಒಂದು ಅಂಗಡಿಯಲ್ಲಿ ಬೆಳೆದ ನಂಬಿಗೆಯನ್ನು ಇನ್ನೊಂದು ಅಂಗಡಿಗೆ ಒಯ್ಯುವುದರಿಂದ.

ಪುಸ್ತಕದ ತುಂಬ ಒಂದೇ ಪ್ರಾಣಿ. ಗಿರಿಜಾ ನಾಯಿ ಎಂದಳು. ಶಾಂತವ್ವ ಕಣ್ಣ ಸುತ್ತಲಿನ ಕಪ್ಪು ನೋಡಿ ಪುನುಗಬೆಕ್ಕು ಎಂದಳು. ಕಾಡಿನ ಬದಿಯಿಂದ ಕಟ್ಟಿಗೆ ತರುವ ನಮ್ಮ ಬಡಿಗ ದ್ಯಾಮಣ್ಣ, "ನರೀನ ಐತ್ರಿ, ಊಟಾ ಭಾಳ ಆಗಿ ಉಬ್ಬೈತಿ" ಎಂದ. ನರಿ ಎಂದು ಠರಾವಾಯಿತು. ಅದರ ಹಿಂದಿನ ಎಡಗಾಲು ಕಬ್ಬಿಣದ್ದು. ಎಡಗಾಲು, ಗಮನಿಸಿರಿ. ಒಂದು ಕಣ್ಣು ಬ್ಯಾಟರಿ ದೀಪ, ಎದೆಗೆ ಬೋಲ್ಟು ಬಿಗಿದ ತಗಡು. ಬಾಲವಂತೂ ಹಳೇ ಲಾರಿಯನ್ನು ಚಾಲೂ ಮಾಡಲು ಮುಂದಿನಿಂದ ತಿರುವುವ ಹ್ಯಾಂಡಲ್ಲಿನ ಹಾಗೆ. ಒಬ್ಬಳು ಮುದುಕಿ ಎರಡೂ ಕೈಯಿಂದ ಅದನ್ನು ತಿರುವಿದರೆ ನರಿ ಭರ್ರನೆ ಹೊಗೆ ಬಿಟ್ಟು ಎದ್ದು ನಿಲ್ಲುತ್ತಿತ್ತು. ಮಕ್ಕಳನ್ನು ನಗಿಸಲು ಬರೆದದ್ದೆಂದು ಮೊದಲ ನೋಟಕ್ಕೇ ತಿಳಿಯುವಂತಿತ್ತು. ಅದರಿಂದಲೇ ನನಗೆ ಇನ್ನಷ್ಟು ಕಸಿವಿಸಿ. ಕಾಲಿನಲ್ಲಿ ಕಬ್ಬಿಣ ಹೊತ್ತವನನ್ನು ನೋಡಿ ನಗುವ ದೇಶವೂ ಇದೆಯಲ್ಲ ಎನಿಸಿತು.

ಆದರೂ ಬಿಡಲಾಗಲಿಲ್ಲ. ಅಪ್ಪ ಮಗಳು ಕೂಡಿ ಮೊದಲಿನಿಂದ ಚಿತ್ರಗಳನ್ನು ನೋಡುತ್ತ, ಕತೆ ಕಟ್ಟುತ್ತ ಹೋದೆವು. ಮೊದಲ ಪುಟದಲ್ಲಿ ನರಿ ಮನೆಯ ಛಾವಣಿಯ ಮೇಲೆ ಎರಡೂ ಕೈ ಎತ್ತಿ ನಿಂತಿದೆ. ಕೆಳಗೆ ಜನ ಬಾವುಟ ಹಿಡಿದು ಕುಣಿಯುತ್ತಿದ್ದಾರೆ. ಛೊಲೋ ಆರಂಭ. ಮುಂದೆ ಬೀದಿಯಲ್ಲಿ ಚೂರುಚೂರಾಗಿ ಬಿದ್ದ ದೊಡ್ಡ ರಾಕ್ಷಸ ಯಂತ್ರ. ಪುಟ ತಿರುವಿದರೆ ಆ ಚೂರುಗಳೆಲ್ಲ ಕೂಡಿ ಯಂತ್ರ ಇಡಿಯಾಗಿ ಎದ್ದಿದೆ! ಅದು ಮನೆಗಳನ್ನು ತುಳಿಯುತ್ತ ಬರುತ್ತಿದೆ. "ಸತ್ತಿದ್ದು ಹೊಳ್ಳಿ ಎದ್ದೈತಪ್ಪಾ" ಎಂದಳು ಗಿರಿಜಾ, ನನ್ನ ತೋಳು ಹಿಡಿದು. ಅಲ್ಲಿಂದ ನರಿಯ ದೆಸೆ ಕೆಟ್ಟಿತು. ನೆಟ್ಟಗೆ ಓಡುತ್ತಿದ್ದದ್ದು ಎಡವತೊಡಗಿತು. ಗೋಡೆಗೆ ಹಾಯಿತು, ಹೊಂಡಕ್ಕೆ ಬಿತ್ತು, ಕಬ್ಬಿಣದ ಕಾಲು ಒಂದು ಕಡೆಗೆ, ಉಳಿದ ಮೂರು ಇನ್ನೊಂದು ಕಡೆಗೆ. ಆಮೇಲೆ ಒಂದು ಕೋಣೆ. ಶೀಸೆಯ ತಳದಂಥ ಚಾಳೀಸು ಹಾಕಿದ ಮುದಿ ಡಾಕ್ಟರ್. ಅವನ ಒಂದು ಕೈಯಲ್ಲಿ ನಟ್ಟು ತಿರುವುವ ಪಾನಾ, ಇನ್ನೊಂದರಲ್ಲಿ ಬಿಚ್ಚಿದ ಕಾಲು. ಮುಂದಿನ ಪುಟದಲ್ಲಿ ಕಣ್ಣೂ ಇಲ್ಲ, ಬಾಲವೂ ಇಲ್ಲ, ಮೈತುಂಬ ಪಟ್ಟಿ. ಅದರ ಮುಂದೆ ನರಿ ಮೇಜಿನ ಕೆಳಗೆ ಅಡಗಿ ಹನಿಹನಿ ಕಣ್ಣೀರು ಸುರಿಸುತ್ತಿದೆ. ಅದರ ಮುಂದೆ ರಸ್ತೆ. ರಸ್ತೆಯ ಮೇಲೆ ಲಾರಿ. ಲಾರಿಯ ಕೆಳಗೆ ಚಪಾತಿಯಂತೆ ಚಪ್ಪಟೆಯಾದ ನರಿ, ನಾಲಿಗೆ ಹೊರಗೆ.

ಕೊನೆಯ ಪುಟ ಹೂವಿನ ಬಯಲು. ಅಲ್ಲಿ ನರಿ ತಾಯಿಯ ಜೊತೆ ಆಡುತ್ತಿದೆ.

"ಸ್ವರ್ಗಾ" ಎಂದಳು ಗಿರಿಜಾ ಸಣ್ಣ ದನಿಯಲ್ಲಿ. "ಸತ್ತ ಮ್ಯಾಲೆ ಅದಕ್ಕ ಕಾಲ ಬಂದಾವ ನೋಡಪ್ಪಾ. ನಾಕೂ ಕಾಲು."

ನಾನು ಪುಸ್ತಕ ಮುಚ್ಚಿಟ್ಟೆ. ಕುಣಿಯುತ್ತಿದ್ದ ಪ್ರಾಣಿ, ನಡಿಗೆ ಕೆಟ್ಟಿತು, ಡಾಕ್ಟರನ ಕೈಗೆ ಸಿಕ್ಕಿತು, ಒಂದೊಂದೇ ಅಂಗ ಬಿಚ್ಚಿಸಿಕೊಂಡು ರಸ್ತೆಗೆ ಬಿತ್ತು, ತಾಯಿಯನ್ನು ಸೇರಿತು. ನನ್ನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳನ್ನು ನೋಡುವ ಆಸೆ ನನಗೆ ಇಲ್ಲವೆಂದಲ್ಲ. ಇಷ್ಟು ಅವಸರ ಇರಲಿಲ್ಲ.

ಅದೇ ವೇಳೆಗೆ ಹಿತ್ತಲಿನಲ್ಲಿ ದ್ಯಾಮಣ್ಣ ತೊಟ್ಟಿಲ ಕಾಲಿಗೆ ಬೈರಿಗೆ ಹಿಡಿದು ತೂತು ಕೊರೆಯುತ್ತಿದ್ದ. ಕರ್‍ರ್ ಕರ್‍ರ್ ಎಂಬ ಆ ಸಪ್ಪಳ ನನಗೆ ಹೊಟ್ಟೆಗೆ ಅನ್ನ ಕೊಟ್ಟ ಸಪ್ಪಳ. ವರ್ಷಾನುಗಟ್ಟಲೆ ಅದರ ನಡುವೆ ಕೂತು ಉಂಡಿದ್ದೇನೆ, ನಿದ್ದೆ ಮಾಡಿದ್ದೇನೆ. ಅಂದು ಮಾತ್ರ ಪ್ರತಿ ಸುತ್ತೂ ನನ್ನ ಕಣಕಾಲಿನ ಒಳಗೇ ತಿರುಗಿದ ಹಾಗಾಯಿತು. ಕಟ್ಟಿಗೆಯ ಹುಡಿ ಸುರುಳಿಸುರುಳಿಯಾಗಿ ಬೀಳುವುದನ್ನು ನೋಡಿ ನಾನು ಕಾಲನ್ನು ಕೌದಿಯೊಳಗೆ ಎಳೆದುಕೊಂಡೆ. "ಸಾಕು ಮಾಡೋ ದ್ಯಾಮಣ್ಣಾ!" ಎಂದು ಕೂಗಿದ್ದು ಬೀದಿಗೆ ಕೇಳಿಸಿತಂತೆ. ಅವನು ಬೈರಿಗೆ ಹಿಡಿದುಕೊಂಡೇ ಓಡಿ ಬಂದ. ಅದನ್ನು ನೋಡಿ ಮತ್ತಷ್ಟು ಕೂಗಿದೆ.

ಮನಸ್ಸು ಇಂಥ ಹೊತ್ತಿನಲ್ಲಿ ತಿಳಿವಳಿಕೆಯವರ ಹಾಗೆ ವಾದಿಸುತ್ತದೆ. ಅಂಗಡಿಯ ಎಲ್ಲ ತೊಟ್ಟಿಲುಗಳ ತಲೆಗಡೆಗೂ ಗಣಪತಿಯ ಚಿತ್ರವಿದೆ. ಆನೆಯ ತಲೆ ಕೂಡಿಸಿಕೊಂಡ ದೇವರನ್ನು ಎಲ್ಲರಿಗಿಂತ ಮೊದಲು ಪೂಜಿಸುವ ನಾವು ಒಂದು ಬೆರಳಗಲ ಸ್ಟೀಲಿಗೆ ಅಂಜುವುದೇ, ಎಂದು ನನಗೆ ನಾನೇ ಕೇಳಿಕೊಂಡೆ. ಉತ್ತರವೂ ನನ್ನಿಂದಲೇ ಬಂತು: ಗಣಪತಿಗೆ ಮೊದಲೇ ತಿಳಿಸಿ, ದಿನ ಗೊತ್ತು ಮಾಡಿ, 'ಹಿಂದಿನ ರಾತ್ರಿ ಏನೂ ತಿನ್ನಬ್ಯಾಡ' ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವನೂ ಓಡಿಹೋಗುತ್ತಿದ್ದ.

ಮರುದಿನ ನಾನು ದ್ಯಾಮಣ್ಣನಿಗೆ ಒಂದು ಕೆಲಸ ಹೇಳಿದೆ. ಒಳ್ಳೆಯ ಸಾಗವಾನಿಯಲ್ಲಿ ಕಂಕುಳುಗೋಲು ಮಾಡಬೇಕು, ಮೇಲೆ ಮೆತ್ತೆ, ಕೆಂಪು, ಹಳದಿ, ಹಸಿರು ಅರಗಿನ ಪಟ್ಟಿ. ಅವನು ಮನಸ್ಸಿಟ್ಟು ಮಾಡಿದ. ನಡುವೆ ಗಿಳಿ ಬಳ್ಳಿಯನ್ನೂ ಬರೆದ. ಅಷ್ಟು ಚೆಂದದ ಕೋಲು ಧಾರವಾಡ ಜಿಲ್ಲೆಯಲ್ಲಿ ಇನ್ನೊಬ್ಬ ಕುಂಟನ ಹತ್ತಿರ ಇರಲಾರದು. ನಾನು ಅದನ್ನು ಶಾಂತವ್ವನಿಗೆ ತೋರಿಸಿ, "ಹ್ಯಾಂಗೈತಿ?" ಎಂದೆ.

ಅವಳು ಕೋಲನ್ನು ಮುಟ್ಟಲಿಲ್ಲ. ಅದರ ಬಣ್ಣವನ್ನೇ ನೋಡಿದಳು. "ನಾಕ ದಿನಕ್ಕ ಇಟ್ಟಗೊಳ್ಳೂ ಕೋಲಿಗೆ ಯಾರೂ ಬಣ್ಣಾ ಹಚ್ಚಸೂದಿಲ್ಲರಿ" ಎಂದಳು. ಬೈಯಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು; ಒಲೆಯಲ್ಲಿ ಬೆಂಕಿ ಇರಲಿಲ್ಲ. ಇಷ್ಟು ವರ್ಷ ನನ್ನೊಡನೆ ಬಾಳಿ ಅವಳು ಚೌಕಾಶಿಯನ್ನೆಲ್ಲ ಕಲಿತಿದ್ದಳು. ಮಾತು ಬಿಟ್ಟು ಸುಮ್ಮನೆ ಕೂತದ್ದು ಅದೇ ಮೊದಲು. ಡಾಕ್ಟರರ ಗಡುವು ಮುಗಿಯಲು ಬಂದಿತ್ತು. ನನ್ನ ಅಂಜಿಕೆಗೆ ನಾನು ಸಾಗವಾನಿಯ ಕಾಲು ಮಾಡಿಸಿ, ಬಣ್ಣ ಹಚ್ಚಿಸಿ, ಮನೆಯೊಳಗೆ ಕರೆದುಕೊಂಡಿದ್ದೆ.

ಅಂದು ಸಂಜೆ ಶಾಂತವ್ವ ಎದುರುಮನೆಯ ಖತೀಜಾಬಿಯನ್ನು ಕರೆತಂದಳು. ಖತೀಜಾಬಿ ಕುಪ್ಪಸ ಹೊಲಿಯುವ ಹೆಂಗಸು. ಕನ್ನಡ ನಮ್ಮಷ್ಟೇ, ಉರ್ದು ಅವರ ಮನೆಯಷ್ಟು. ಉರ್ದು ಸಾಲೆಗೆ ಹೋದವಳು. ಮಧ್ಯಾಹ್ನ ಹೊಲಿಗೆ ನಿಂತಾಗ ಮಕ್ಕಳ ಮಾಸಿಕಗಳನ್ನು ಜೋರಾಗಿ ಓದುವುದು ನಮಗೂ ಕೇಳುತ್ತಿತ್ತು. ಅವಳ ಮುಂದೆ ಮಾತಿನಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ತೊಟ್ಟಿಲ ಮೆತ್ತೆಗಳನ್ನು ಅವಳಿಂದಲೇ ಹೊಲಿಸುತ್ತಿದ್ದೆ; ಪ್ರತಿ ಸಲವೂ ಸೋತಿದ್ದೆ.

"ಏನ್ರಿ ಅಣ್ಣಾರ, ಕೋಲಿಗೆ ಬಣ್ಣಾ ಬಳಿಸಿಗೊಂಡೀರಂತ? ಮದಿವಿ ಗಿದಿವಿ ಏನರೆ?"

"ಇಲ್ಲವ್ವಾ. ಆಪರೇಷನ್ ಛೊಲೋ ಅಲ್ಲ ಅಂತ ನನಗ ಖಾತ್ರಿ ಆಗೇತಿ."

"ಯಾರ ಹೇಳಿದ್ರು?"

ಗಿರಿಜಾ ಹೇಳಿಬಿಟ್ಟಳು: "ನರಿ."

ಪುಸ್ತಕವನ್ನು ಖತೀಜಾಬಿಯ ಕೈಗೆ ಕೊಟ್ಟಳು. ಖತೀಜಾಬಿ ಚಾಳೀಸು ಏರಿಸಿ, ಪುಸ್ತಕವನ್ನು ತೊಡೆಯ ಮೇಲಿಟ್ಟು, ತಾನು ದಿನವೂ ಪುಸ್ತಕ ತೆಗೆಯುವ ಹಾಗೆಯೇ ತೆಗೆದಳು. ಅಂದರೆ ನಮಗೆ ಯಾವುದು ಕೊನೆಯ ಪುಟವೋ ಅಲ್ಲಿಂದ. ಉರ್ದು ಓದುವ ಹಾಗೆ ಬಲಗಡೆಯಿಂದ ಎಡಗಡೆಗೆ. ನಾನು "ಅಲ್ಲ, ತಿರುವಿ ಹಿಡೀರಿ" ಎನ್ನುವಷ್ಟರಲ್ಲಿ ಅವಳು ಹೂವಿನ ಬಯಲು ದಾಟಿ ಲಾರಿಗೆ ಬಂದಿದ್ದಳು. "ಅಯ್ಯ ಪಾಪ" ಎಂದಳು. ಮೇಜಿನ ಕೆಳಗಿನ ನರಿಯನ್ನು ನೋಡಿ ಮುಗುಳ್ನಕ್ಕಳು. ಮುದಿ ಡಾಕ್ಟರ್ ಬಂದ ಮೇಲೆ ನಗೆ ದೊಡ್ಡದಾಯಿತು. ಗೋಡೆಗೆ ಹಾಯುವ ಪುಟದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಗೆ ಬಾವುಟದ ಪುಟಕ್ಕೆ ಬಂದು, "ಶಾಬಾಶ್ ಮಗನ!" ಎಂದು ತೊಡೆ ತಟ್ಟಿದಳು.

"ಇದರಾಗ ಅಂಜೂದೇನೈತ್ರಿ? ಲಾರಿಗೆ ಸಿಕ್ಕಿತ್ತು, ಮುದುಕ ಎತ್ತಿಗೊಂಡ ಬಂದ, ಕಬ್ಬಿಣದ ಕಾಲ ಕೂಡಿಸಿದಾ. ಮೊದಲ ಮೊದಲ ನಡ್ಯಾಕ ಬರಲಿಲ್ಲ, ಬಿತ್ತು, ಎದ್ದಿತು. ಆಮ್ಯಾಲೆ ಊರ ಉಳಿಸಿತು. ಅಷ್ಟ."

"ನೀವು ಉಲ್ಟಾ ಓದಿದ್ರಿ" ಎಂದೆ ನಾನು, ಬಿಗಿಯಾಗಿ.

"ನಾ ಉಲ್ಟಾ ಓದಿದ್ನೋ ನೀವೋ? ಹಂಗಾರ ಸತ್ತ ಯಂತ್ರಾ ಹೊಳ್ಳಿ ಎದ್ದಿದ್ಯಾಕ? ಹಿಂಗ ನೋಡ್ರಿ, ಒಂದರ ಮುಂದ ಒಂದು ಹೊಂದತಾವಿಲ್ಲೋ?"

ಪುಸ್ತಕವನ್ನು ಕಸಿದುಕೊಂಡು ನಾನೂ ಹಾಗೇ ತಿರುವಿದೆ. ಹೊಂದಿದವು; ಜಪಾನಿನ ಪುಸ್ತಕವೂ ಉರ್ದುವಿನ ಹಾಗೆ ಬಲಗಡೆಯಿಂದಲೇ ಶುರುವಾಗುತ್ತಿತ್ತು. ಒಂದು ಪುಟದೊಳಗಿನ ಚಿತ್ರ ಚಿತ್ರವೂ ಹೊಂದಿತು. ನಾವು ಓದುವಾಗ ಅವು ಒಂದಕ್ಕೊಂದು ಬೆನ್ನು ಮಾಡಿ ನಿಂತಿದ್ದವು. ಮುದಿ ಡಾಕ್ಟರ್ ಕಾಲನ್ನು ಬಿಚ್ಚುತ್ತಿರಲಿಲ್ಲ, ಬಿಗಿಯುತ್ತಿದ್ದ. ಅವನ ಹಣೆಯ ಮೇಲಿನ ಬೆವರು ನನಗೆ ಮೊದಲು ಕಂಡೇ ಇರಲಿಲ್ಲ. ಮತ್ತೆ ಆ ಮೇಜಿನ ಕೆಳಗಿನ ಕಣ್ಣೀರು. ಡಾಕ್ಟರನ ಕೈಯಲ್ಲಿ ಸಿಕ್ಕು ಹಾಳಾದ ಮೇಲೆ ಅಳುತ್ತಿದೆ ಎಂದು ತಿಳಿದಿದ್ದೆ. ಅಲ್ಲ, ಅದು ಆಪರೇಷನ್ನಿನ ಮೊದಲಿನ ಅಳು. ಮೂರು ಕಾಲಿನ ಆ ಪ್ರಾಣಿ ಮೇಜಿನ ಕಾಲನ್ನು ಅಪ್ಪಿಕೊಂಡು, ಬರುವುದಿಲ್ಲ ಎಂದು ಹಟ ಹಿಡಿದಿತ್ತು. ಆಗಬಾರದ್ದೆಲ್ಲ ಆಗಲೇ ಆಗಿಹೋಗಿತ್ತು, ಲಾರಿ ಯಾವಾಗಲೋ ಹೋಗಿತ್ತು. ಆದರೆ ಅದು ಅಂಜುತ್ತಿದ್ದದ್ದು ಲಾರಿಗಲ್ಲ, ಪಾನಾ ಹಿಡಿದ ಮುದುಕನಿಗೆ.

ಸೋಲುವಾಗಲೂ ಒಂದು ಕೊನೆಯ ದರ ಹೇಳುವುದು ನನ್ನ ರೂಢಿ. "ಇದು ಬರೇ ಚಿತ್ರ, ಖತೀಜಾಬಿ. ನಂದು ಕಾಲು."

ಅವಳು ಚಾಳೀಸು ಇಳಿಸಿದಳು. "ಹೌದ್ರಿ. ಮತ್ತ ಮೊನ್ನಿ ನಿಮ್ಮನ್ನ ಅಂಜಿಸಿದಾಗ ಅದು ಬರೇ ಚಿತ್ರ ಆಗಿದ್ದಿಲ್ಲೇನು? ಅಂಜಾಕ ಒಂದು ತಕ್ಕಡಿ, ಧೈರ್ಯಾಕ ಒಂದು ತಕ್ಕಡಿ ಇಟ್ಟೀರೇನ ಅಂಗಡ್ಯಾಗ?"

ನಾಲ್ಕು ತಾಲೂಕಿನಲ್ಲಿ ಚೌಕಾಶಿ ಮಾಡಿದ ನಾನು ಪುಸ್ತಕವನ್ನು ಮತ್ತೆ ಬಲಗಡೆಯಿಂದ ತೆಗೆದೆ. ಒಳಗೆ ಶಾಂತವ್ವ ಒಲೆ ಹೊತ್ತಿಸಿದ ಸಪ್ಪಳ ಕೇಳಿಸಿತು. ನಾನು ಹೋಗುತ್ತೇನೆ ಎಂದು ಇನ್ನೂ ಹೇಳಿರಲಿಲ್ಲ. ಅವಳಿಗೆ ಅದು ಬೇಕಾಗಲೂ ಇಲ್ಲ.

ಇಲ್ಲಿಗೆ ನನ್ನ ಅಂಜಿಕೆ ಹಾರಿಹೋಯಿತು, ನಾನು ಎದೆ ಸೆಟೆಸಿ ನಡೆದೆ ಎಂದು ಬರೆದರೆ ಓದಲು ಚೆಂದ. ಆದರೆ ಕಳಪೆ ಮಾಲನ್ನು ಬಣ್ಣ ಹಚ್ಚಿ ಮಾರುವವನಲ್ಲ ನಾನು. ಕತೆ ನೆಟ್ಟಗಾಗಿತ್ತು, ಅಂಜಿಕೆ ಇದ್ದಲ್ಲೇ ಇತ್ತು. ಹುಬ್ಬಳ್ಳಿಯ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಹಿಡಿದು ಅಂಗೈ ಕೆಂಪಾಯಿತು. ಮಗ್ಗುಲ ಸೀಟಿನವನು "ಎಲ್ಲಿಗ್ರಿ?" ಎಂದದ್ದಕ್ಕೆ ತೊಟ್ಟಿಲ ದರ ಹೇಳಿದೆ. ಆಸ್ಪತ್ರೆಯ ವಾಸನೆ ಬಡಿದಾಗ, "ಶಾಂತಾ, ಹೊಳ್ಳಿ ಹೋಗೂಣು, ನಾಳಿ ಬರೂಣು" ಎಂದೆ. ಅವಳು ನನ್ನ ಕೈ ಬಿಡಲಿಲ್ಲ. ಅವಳ ಅಂಗೈಯೂ ನನ್ನದರಷ್ಟೇ ಕೆಂಪಾಗಿದ್ದದ್ದನ್ನು ಆಗ ಕಂಡೆ. ಇಷ್ಟು ದಿನ ಅವಳು ತನ್ನ ಅಂಜಿಕೆಯನ್ನು ಎಲ್ಲಿ ಇಟ್ಟುಕೊಂಡಿದ್ದಳೋ.

ಸೊಂಟಕ್ಕೆ ಸೂಜಿ ಚುಚ್ಚಿ ಕೆಳಗಿನ ಅರ್ಧ ಮೈ ಮಲಗಿಸಿದರು. ಮೇಲಿನ ಅರ್ಧಕ್ಕೆ ಎಲ್ಲವೂ ಕೇಳಿಸುತ್ತಿತ್ತು. ನಡುವೆ ಹಸಿರು ಬಟ್ಟೆಯ ಪರದೆ. ಅದರಾಚೆ ಬೈರಿಗೆ ತಿರುಗತೊಡಗಿತು. ನೋವಿಲ್ಲ, ಬರೀ ಸಪ್ಪಳ ಮತ್ತು ನಡುಕ. ನನ್ನ ಹಲ್ಲು ಕಟಕಟ ಎಂದವು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ದೇವರ ಹೆಸರಲ್ಲ.

"ಡಾಕ್ಟರ್ರ, ಸಾವಕಾಶ ತಿರುವ್ರಿ. ಬಿಸಿ ಆದ್ರ ಕಟ್ಟಿಗಿ ಸೀಳತೈತಿ."

ಪರದೆಯಾಚೆ ಯಾರೋ ನಕ್ಕರು. "ಅದಕ್ಕ ನೀರ ಹಾಕ್ಕೋತನ ಕೊರ್ಯಾಕತ್ತೀವ್ರಿ. ನಿಮ್ಮ ಕಡೆ ಏನ ಹಾಕ್ತೀರಿ?"

"ನಮ್ಮ ಕಡೆ... ನಿಂತು ನಿಂತು ಕೊರೀತೇವ್ರಿ."

"ನಾವೂ ನಿಂದರತೇವಿ, ಅಂಜಬ್ಯಾಡ್ರಿ" ಎಂದರು ಡಾಕ್ಟರರು. ನಾನು ಅಂಜಿದೆ. ಕೊನೆಯ ಸ್ಕ್ರೂ ಕೂಡುವ ತನಕ ಅಂಜಿದೆ. ಆದರೂ ಸ್ಕ್ರೂ ಕೂಡಿತು. ನನ್ನ ಅಂಜಿಕೆಯಿಂದ ಅದರ ಒಂದು ಸುತ್ತೂ ಹೆಚ್ಚುಕಮ್ಮಿ ಆಗಲಿಲ್ಲ.

ಆಮೇಲೆ ನಡೆಯುವುದನ್ನು ಕಲಿಯುವಾಗ ಗೋಡೆಗೂ ಹಾಯ್ದೆ, ದ್ಯಾಮಣ್ಣನ ಮೇಲೂ ಬಿದ್ದೆ. ಗಿರಿಜಾ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ಪುಸ್ತಕವನ್ನು ಖತೀಜಾಬಿ ತನ್ನ ಅಕ್ಕನ ಮಕ್ಕಳಿಗೆ ತೋರಿಸಲು ಒಯ್ದವಳು ಇಂದಿಗೂ ಕೊಟ್ಟಿಲ್ಲ. ಮುಂದಿನ ಮಳೆಗಾಲಕ್ಕೆ ನಾನು ಏಣಿ ಹತ್ತಿದೆ. ಚಳಿಯಲ್ಲಿ ಪಟ್ಟಿ ಇದ್ದಲ್ಲಿ ಸ್ವಲ್ಪ 'ನಾ ಅದೀನಿ' ಎನ್ನುತ್ತದೆ, ಅಷ್ಟೆ.

ಮೊನ್ನೆ ದೇವಿಕೊಪ್ಪದ ಬಸಣ್ಣ ಬಂದಿದ್ದ. ಬಂಡಿ ಹೊಡೆಯುವ, ಕಾಡಿನಲ್ಲಿ ಕರಡಿಗೆ ಎದುರು ನಿಂತು ಬಂದ ಗಟ್ಟಿ ಆಳು. ಕಣ್ಣಿಗೆ ಪೊರೆ ಬಂದು ಎತ್ತು ಯಾವುದು, ನೆರಳು ಯಾವುದು ತಿಳಿಯದಂತಾಗಿದೆ; ಡಾಕ್ಟರರು ಆಪರೇಷನ್ ಎಂದಿದ್ದಾರೆ. ಸುತ್ತಿ ಬಳಸಿ ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಕಂಬ ಹಿಡಿದು ನಿಂತು ಕೇಳಿದ.

"ಸಾವ್ಕಾರ್ರ, ಖರೇ ಹೇಳ್ರಿ. ಕಾಲ ಕೊಯ್ಸೂಮುಂದ ನಿಮ್ಮ ಅಂಜಿಕಿ ಹ್ಯಾಂಗ ಹೋತು?"

ಮೊದಲಾಗಿದ್ದರೆ 'ಮಲಗೂದು, ಏಳೂದು' ಎಂದುಬಿಡುತ್ತಿದ್ದೆ. ಈಗ ಅವನನ್ನು ಮತ್ತೆ ಕೂರಿಸಿ, ಚಹಾ ತರಿಸಿ, ಹೇಳಿದೆ.

"ಹೋಗಲೇ ಇಲ್ಲೋ ಬಸಣ್ಣಾ. ಅದು ಹೋದ ಮ್ಯಾಲೆ ಹೋಗತೀನಿ ಅಂತ ಕುಂತ್ರ ನಿನ್ನ ಕಣ್ಣು ಮೊದಲ ಹೋಗತೈತಿ. ಜೋಡೀಲೆ ಕರಕೊಂಡ ಹೋಗು. ಬಾಜೂಕ ಕುಂದ್ರಸ್ಕೊ. ಬಸ್ಸಿನ್ಯಾಗ ಅದಕ್ಕ ಬ್ಯಾರೆ ಟಿಕೀಟಿಲ್ಲ."